ಲೋಟದೊಳಗಿನ ಗುಡ್ಡ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಫ್ರಿಜ್ಜಿನಲ್ಲಿ ಒಂದು ಸ್ಟೀಲ್ ಲೋಟದ ತುಂಬ ಮಣ್ಣಿತ್ತು. ಎಂಟನೇ ಕ್ಲಾಸಿನ ಮೊಮ್ಮಗಳು ಹಿತ್ತಲಿನ ಮಣ್ಣು, ಮರಳು, ಒಂದು ಹಿಡಿ ಜಲ್ಲಿ ಕಲಸಿ, ನೀರು ಹುಯ್ದು ಐಸ್ ಖಾನೆಯಲ್ಲಿ ಇಟ್ಟಿದ್ದಳು. "ಹಾಲು, ಮೊಸರು ಇಡೋ ಜಾಗದಲ್ಲಿ ಮಣ್ಣೇನೇ!" ಎಂದು ಅವಳ ಅಜ್ಜಿ ಮೂರು ಸಲ ಗೊಣಗಿದಳು. ಮಣ್ಣು ಕಲಸಿದವಳು ಮೊಮ್ಮಗಳಾದರೂ ಐಡಿಯಾ ಕೊಟ್ಟವನು ನಾನು. ಅದನ್ನು ಮಾತ್ರ ನಾನು ಹೇಳಲಿಲ್ಲ.

ಈ ಲೋಟದ ಕಥೆ ಶುರುವಾದದ್ದು 2023ರ ಅಕ್ಟೋಬರ್ 4ರ ಬುಧವಾರ. ಭದ್ರಾವತಿಯಿಂದ ತಮ್ಮನ ಫೋನು. "ಅಣ್ಣಾ, ಟಿವಿ ಹಾಕು. ಸಿಕ್ಕಿಂನಲ್ಲಿ ಪ್ರವಾಹವಂತೆ. ಮಗನ ಫೋನು ಹತ್ತುತ್ತಿಲ್ಲ." ಅವನ ಮಗ ಸೈನ್ಯದಲ್ಲಿ ಡ್ರೈವರ್. ಆಗ ಉತ್ತರ ಸಿಕ್ಕಿಂನಲ್ಲಿದ್ದ. ನಾನು ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಮೂರು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತೀಸ್ತಾ ನದಿ ಕೆಸರು ಬಣ್ಣದಲ್ಲಿ ನುಗ್ಗುವುದನ್ನೇ ಟಿವಿಯವರು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು.

ತಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದ. "ರಾತ್ರೋರಾತ್ರಿ ಅಷ್ಟು ನೀರು ಎಲ್ಲಿಂದ ಬಂತು?" ಅವನಿಗೆ ನದಿ ಹೊಸದಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಗೇಟು ತೆಗೆದರೆ ಭದ್ರಾವತಿಯ ಹೊಸ ಸೇತುವೆ ಮುಳುಗುವುದನ್ನು ಎಷ್ಟೋ ಮಳೆಗಾಲದಲ್ಲಿ ನೋಡಿದವನು. ಆದರೆ ಇಲ್ಲಿ ಗೇಟು ತೆಗೆಯುವ ಮೊದಲು ದಡದವರಿಗೆ ಹೇಳುತ್ತಾರೆ. ಅಲ್ಲಿ ಹೇಳುವವರೇ ಇರಲಿಲ್ಲ. ನನ್ನ ಹತ್ತಿರವೂ ಉತ್ತರವಿರಲಿಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಹಿಮಾಲಯದ ವಿಷಯ ಏನು ಗೊತ್ತು?

ನಾಲ್ಕನೆಯ ದಿನ ಬೆಳಗ್ಗೆ ಯಾರದೋ ಫೋನಿನಿಂದ ಹುಡುಗ ಮಾತಾಡಿದ. "ಇದ್ದೇನಮ್ಮ" ಎಂದನಂತೆ, ಅಷ್ಟೇ. ತಮ್ಮನ ಹೆಂಡತಿ ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ನಾನು ಆ ಪ್ರಶ್ನೆಯ ಬೆನ್ನು ಹತ್ತಿದೆ. ನಿವೃತ್ತನಿಗೆ ಹೊತ್ತಿಗೇನು ಬರ. ಪೇಪರಿನ ತುಣುಕು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದೆ, ತಿಳಿಯದ ಇಂಗ್ಲಿಷನ್ನು ಮಗನಿಂದ ಓದಿಸಿದೆ. ಸಿಕ್ಕಿದ್ದು ಇದು.

ಸಿಕ್ಕಿಂನಲ್ಲಿ ಸಮುದ್ರಮಟ್ಟದಿಂದ ಸುಮಾರು 5,200 ಮೀಟರ್ ಎತ್ತರದಲ್ಲಿ ದಕ್ಷಿಣ ಲೊನಾಕ್ ಎಂಬ ಸರೋವರವಿದೆ. ಹಿಮನದಿ ಕರಗಿ ಹಿಂದೆ ಸರಿದಂತೆ ಬೆಳೆದ ಕೆರೆ ಅದು. ಇಸ್ರೋ ಪ್ರಕಟಿಸಿದ ಉಪಗ್ರಹ ಚಿತ್ರಗಳಲ್ಲಿ ಸೆಪ್ಟೆಂಬರ್ 28ರಂದು ಅದರ ವಿಸ್ತಾರ 167.4 ಹೆಕ್ಟೇರ್. ಅಕ್ಟೋಬರ್ 4ರ ಬೆಳಗ್ಗೆ 60.3 ಹೆಕ್ಟೇರ್. ಕಳೆದು ನೋಡಿದೆ: 107.1 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 265 ಎಕರೆ ಹತ್ತಿರ. ಒಂದು ವಾರದೊಳಗೆ ಅಷ್ಟು ಅಗಲದ ನೀರು ಖಾತೆಯಿಂದ ಡ್ರಾ ಆಗಿಹೋಗಿತ್ತು! ಹರಿದ ನೀರು ಚುಂಗ್‌ತಾಂಗ್‌ನಲ್ಲಿದ್ದ ಜಲವಿದ್ಯುತ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು.

ಕೆರೆ ಒಡೆಯಲು ಕಾರಣವೇನು? 2025ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕೆರೆಯ ಪಕ್ಕದಲ್ಲಿ ಹಿಮನದಿ ರಾಶಿ ಹಾಕಿಹೋದ ಕಲ್ಲುಮಣ್ಣಿನ ದಿಬ್ಬವಿತ್ತು. ಅದರೊಳಗಿನ ನೀರು ಹೆಪ್ಪುಗಟ್ಟಿ, ಐಸೇ ಸಿಮೆಂಟಿನಂತೆ ದಿಬ್ಬವನ್ನು ಹಿಡಿದಿತ್ತು. ಎರಡು ವರ್ಷವೋ ಅದಕ್ಕೂ ಹೆಚ್ಚೋ ಬಿಡದೆ ಸೊನ್ನೆ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುವ ಇಂಥ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಸೈಬೀರಿಯ, ಅಲಾಸ್ಕಗಳಲ್ಲಿ ಊರಿಗೆ ಊರೇ ಇಂಥ ನೆಲದ ಮೇಲಿವೆ. ಭೂಮಿ ಬಿಸಿಯಾದಂತೆ ಅದು ಸಡಿಲವಾಗುತ್ತಿದೆ. ಆ ರಾತ್ರಿ 1 ಕೋಟಿ 47 ಲಕ್ಷ ಘನ ಮೀಟರ್ ಹೆಪ್ಪುಗಟ್ಟಿದ ದಿಬ್ಬ ಕುಸಿದು ಕೆರೆಗೆ ಬಿತ್ತು. ಒಂದು ಟಿಪ್ಪರಿಗೆ 10 ಘನ ಮೀಟರ್ ಎಂದು ಹಿಡಿದರೂ 14 ಲಕ್ಷದ 70 ಸಾವಿರ ಲೋಡು. ಸುಮಾರು 20 ಮೀಟರ್ ಎತ್ತರದ ಅಲೆ ಎದ್ದು ಕೆರೆಯ ಬಾಯಿ ಒಡೆಯಿತು.

ಮಕ್ಕಳೇ, ಅಷ್ಟು ಎತ್ತರದಲ್ಲಿ, ರಾತ್ರಿಯ ಹೊತ್ತು ಆದದ್ದು ಹೇಗೆ ತಿಳಿಯಿತು? ಅಲ್ಲಿ ಕಾವಲುಗಾರನೇನೂ ಕೂತಿರಲಿಲ್ಲ. ತಿಳಿಸಿದ್ದು ಉಪಗ್ರಹಗಳು, ಅದರಲ್ಲೂ ರೇಡಾರ್ ಇರುವಂಥವು. ಮಾಮೂಲಿ ಕ್ಯಾಮೆರಾಕ್ಕೆ ಬೆಳಕು ಬೇಕು, ಮೋಡ ಅಡ್ಡ ಬಂದರೆ ಕಾಣದು. ರೇಡಾರ್ ತಾನೇ ಅಲೆಗಳನ್ನು ಕಳಿಸಿ, ನೆಲಕ್ಕೆ ತಾಗಿ ಬಂದದ್ದನ್ನು ಓದುತ್ತದೆ. ಕತ್ತಲೆಯೂ ಒಂದೇ, ಮೋಡವೂ ಒಂದೇ. ಒಂದೇ ಜಾಗವನ್ನು ಕೆಲವು ದಿನ ಬಿಟ್ಟು ಮತ್ತೆ ನೋಡಿ, ಎರಡು ಸಲದ ಅಲೆಗಳನ್ನು ತಾಳೆ ಹಾಕಿದರೆ ನೆಲ ಕೆಲವೇ ಸೆಂಟಿಮೀಟರ್ ಕುಗ್ಗಿದ್ದರೂ ಗೊತ್ತಾಗುತ್ತದೆ.

ಇದು ಓದಿದಾಗ ನನಗೆ ಖುಷಿಯಾಯಿತು, ಯಾಕೆಂದರೆ ಇದು ನಮ್ಮದೇ ಕೆಲಸ! ಕಂಪ್ಯೂಟರ್ ಬರುವ ಮೊದಲು ಸಂಜೆ ಲೆಡ್ಜರು ಟ್ಯಾಲಿ ಆಗದೆ ಮನೆಗೆ ಹೋಗುವ ಹಾಗಿರಲಿಲ್ಲ. ವ್ಯತ್ಯಾಸ 27 ಪೈಸೆ ಎಂದರೆ 27 ಪೈಸೆ ಯಾರಿಗೂ ಬೇಕಿಲ್ಲ, ಆದರೆ ಅದು ಒಂಬತ್ತರಿಂದ ಭಾಗವಾಗುತ್ತದೆ. ಯಾರೋ 63 ಬರೆಯುವಲ್ಲಿ 36 ಬರೆದಿರಬಹುದು ಎಂದು ಹುಡುಕುತ್ತಿದ್ದೆವು. ಮೇಲಿನ ಸಣ್ಣ ವ್ಯತ್ಯಾಸ ಒಳಗಿನ ತಪ್ಪಿನ ಗುಟ್ಟು ಹೇಳುತ್ತದೆ. ಉಪಗ್ರಹಕ್ಕೂ ಮಣ್ಣಿನೊಳಗಿನ ಐಸು ಕಾಣುವುದಿಲ್ಲ. ಬೇಸಿಗೆಯಲ್ಲಿ ನೆಲ ಎಷ್ಟು ಕುಗ್ಗಿತು, ಚಳಿಗಾಲದಲ್ಲಿ ಎಷ್ಟು ಉಬ್ಬಿತು, ಯಾವ ಇಳಿಜಾರು ಜಾರುತ್ತಿದೆ ಎಂಬುದರಿಂದ ಒಳಗಿನದನ್ನು ಊಹಿಸಬೇಕು. ಲೊನಾಕಿನ ಆ ದಿಬ್ಬವೂ ಕುಸಿಯುವ ಮೊದಲು ವರ್ಷಗಟ್ಟಲೆ ಸರಿಯುತ್ತಿದ್ದದ್ದು ಹಳೆಯ ಉಪಗ್ರಹ ಚಿತ್ರಗಳಲ್ಲಿ ಕಂಡಿತು.

ಆ ಕೆರೆ ಅಪಾಯಕಾರಿ ಎಂದು 2021ರಲ್ಲೇ ಒಂದು ಪ್ರಬಂಧ ಪ್ರಕಟವಾಗಿತ್ತು. ಬರೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಇದನ್ನು ತಮ್ಮನಿಗೆ ಹೇಳಿದಾಗ ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಗೊತ್ತಿದ್ದೂನಾ?" ಎಂದ. ನಾನೇನು ಹೇಳಲಿ?

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಹಾರಿದಾಗ ನಾವು ಅಜ್ಜ ಮೊಮ್ಮಗಳು ಟಿವಿ ಮುಂದೆಯೇ ಇದ್ದೆವು. ಅಮೆರಿಕದ ನಾಸಾ, ನಮ್ಮ ಇಸ್ರೋ ಸೇರಿ ಮಾಡಿದ ಉಪಗ್ರಹ; ಎಲ್ಲವನ್ನೂ ಜೋಡಿಸಿದ್ದು ಬೆಂಗಳೂರಿನಲ್ಲಿ. 12 ಮೀಟರ್ ಅಗಲದ ಆಂಟೆನಾ ಬಿಚ್ಚಿಕೊಂಡು, 747 ಕಿಲೋಮೀಟರ್ ಎತ್ತರದಿಂದ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬಂದು ನೋಡುತ್ತದೆ. ಹಿಮ, ಹೆಪ್ಪುಗಟ್ಟಿದ ನೆಲ, ಕುಸಿಯುವ ಗುಡ್ಡ ಎಲ್ಲ ಅದರ ಲೆಕ್ಕದಲ್ಲಿವೆ. "12 ದಿನಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿದ ಹಾಗಾ ಅಜ್ಜ?" ಎಂದಳು ಮೊಮ್ಮಗಳು. ಹೌದು ಎಂದೆ.

ದಸರಾಕ್ಕೆ ತಮ್ಮನ ಮಗ ರಜೆಯಲ್ಲಿ ಬಂದಿದ್ದ. ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಮೊಮ್ಮಗಳು ಲೋಟ ತಂದು, "ಚಿಕ್ಕಪ್ಪ, ನೋಡು" ಎಂದು ತಟ್ಟೆಯ ಮೇಲೆ ಬೋರಲು ಹಾಕಿದಳು. ಮಣ್ಣು ಕಲ್ಲಿನ ಹಾಗೆ ನಿಂತಿತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೂ ಅಲುಗಲಿಲ್ಲ. ತಟ್ಟೆಯನ್ನು ಬಿಸಿಲಿಗಿಟ್ಟು, ಪಕ್ಕದಲ್ಲಿ ಸ್ಕೇಲು ನಿಲ್ಲಿಸಿ ಹತ್ತು ನಿಮಿಷಕ್ಕೊಮ್ಮೆ ಅವಳು ಎತ್ತರ ಬರೆದುಕೊಂಡಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಮಿಲಿಮೀಟರ್. ಮತ್ತೆ ಎರಡು. ನಾವು ಮಾತಿನಲ್ಲಿದ್ದಾಗ ಒಂದು ಪಕ್ಕ ಒಮ್ಮೆಲೇ ಜಾರಿ ತಟ್ಟೆಯಲ್ಲಿ ಕೆಸರಾಯಿತು.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಹುಡುಗ ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ನಾನು ಸ್ವಲ್ಪ ಹೊತ್ತು ಬಿಟ್ಟು ಹೋದೆ. ತೆಂಗಿನ ಮರದ ಬುಡದಲ್ಲಿ ನಿಂತಿದ್ದ.

"ದೊಡ್ಡಪ್ಪ, ನಮ್ಮ ಜೊತೆ ಇದ್ದವರಲ್ಲಿ ಒಬ್ಬ ಇವತ್ತಿಗೂ ಸಿಕ್ಕಿಲ್ಲ" ಎಂದ.

ಒಳಗೆ ಮೊಮ್ಮಗಳು ಕೂಗುತ್ತಿದ್ದಳು. "ಚಿಕ್ಕಪ್ಪಾ, ಇನ್ನೊಂದು ಸಲ ಮಾಡೋಣ, ಈ ಸಲ ಐದು ನಿಮಿಷಕ್ಕೊಮ್ಮೆ ಅಳೀತೀನಿ." ಅವನು ಮುಖ ಒರೆಸಿಕೊಂಡು, "ಬಂದೆ" ಎಂದು ಒಳಗೆ ಹೋಗಿ ಅವಳ ಜೊತೆ ಮಣ್ಣು ಕಲಸಲು ಕೂತ.