ಹಿಮದ ನಾಡಿನಿಂದ ಕೆಂಗೇರಿಯ ಕೆರೆಯಂಗಳಕ್ಕೆ

ಮಾಗಿಯ ಚಳಿಯ ಮಾತು ಬಂದಾಗ ಬೆಂಗಳೂರಿನ ಹಿರಿಯರು ತಮ್ಮ ಊರಿನ ವಿಷಯದಲ್ಲಿ ತುಸು ಹೆಚ್ಚಾಗಿಯೇ ಹೆಮ್ಮೆಪಡುವುದುಂಟು. ಆದರೆ ಈ ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಕೆರೆಯ ನೀರು ಹೆಪ್ಪುಗಟ್ಟುವುದು, ಹಿಮದ ಮೇಲೆ ಜಾರಿ ಆಡುವುದು ಇಲ್ಲಿಯ ಮಕ್ಕಳಿಗೆ ಚಿತ್ರಗಳಲ್ಲಿ ಮಾತ್ರ ಪರಿಚಿತ. ಹಾಗಿದ್ದರೂ ಹಿಮದ ನಾಡಿನ ಜೀವಿಗಳನ್ನು ಕಾಣುವುದಕ್ಕಾಗಿ ರಾಜಾಜಿನಗರದ ಅಥವಾ ವಿಜಯನಗರದ ಸಂಸಾರವೊಂದು ಉತ್ತರಕ್ಕೆ ಪ್ರಯಾಣ ಬೆಳೆಸಬೇಕಾಗಿಲ್ಲ. ಆ ಜೀವಿಗಳೇ ಪ್ರತಿ ವರ್ಷ ಇಲ್ಲಿಗೆ ಬಂದಿಳಿಯುತ್ತವೆ.

ಮೊದಲಿಗೆ ಬರುವವುಗಳಲ್ಲಿ ಬೂದು ಸಿಪಿಲೆ ಒಂದು. ಗಣೇಶನ ಹಬ್ಬದ ಆಸುಪಾಸಿನಲ್ಲಿಯೇ ಅದು ಕಾಣಿಸಿಕೊಳ್ಳುತ್ತದೆ. ಬೆನ್ನು ಬೂದುಬಣ್ಣ, ಒಡಲು ತಿಳಿಹಳದಿ. ಉದ್ದನೆಯ ಬಾಲ ಒಂದು ಕ್ಷಣವೂ ಸುಮ್ಮನಿರದು. ಬೇಸಿಗೆಯಲ್ಲಿ ಹಿಮಾಲಯದ ತೊರೆಗಳ ಬದಿಯ ಬಂಡೆಸಂದುಗಳಲ್ಲಿ ಗೂಡು ಕಟ್ಟಿ ಮರಿ ಮಾಡುವ ಈ ಹಕ್ಕಿಯ ತೂಕ ಸುಮಾರು ಒಂದೂವರೆ ತೊಲ. ಅಷ್ಟು ಹಗುರವಾದ ದೇಹವನ್ನು ಹೊತ್ತು ಅದು ಇಡೀ ಉತ್ತರ ಭಾರತವನ್ನೂ ದಖ್ಖನ್ ಪ್ರಸ್ಥಭೂಮಿಯನ್ನೂ ದಾಟಿ ಬರುತ್ತದೆ. ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಿಂದ ಇನ್ನೊಂದು ಸೋಜಿಗವೂ ತಿಳಿದುಬಂದಿದೆ: ಇಂಥ ವಲಸೆಹಕ್ಕಿಗಳಲ್ಲಿ ಅನೇಕವು ಹಿಂದಿನ ವರ್ಷ ತಂಗಿದ್ದ ಎಡೆಗೇ ಮರಳಿ ಬರುತ್ತವೆ.

ಇನ್ನು ಬೀದಿಯ ಹೊಂಗೆಯ ಮರದಲ್ಲಿ ಎಲೆಗಳ ನಡುವೆ ಅಡಗಿ ಚುರುಕಾಗಿ ಕೂಗುವ ಹಸಿರು ಉಲಿಯಕ್ಕಿಯ ತೂಕ ಒಂದು ತೊಲವೂ ಇಲ್ಲ. ಕಣ್ಣಿಗೆ ಕಪ್ಪು ಪಟ್ಟಿ ಬಳಿದುಕೊಂಡಂತಿರುವ ಕಂದು ಕಳಿಂಗ ಸೈಬೀರಿಯ, ಮಂಗೋಲಿಯಗಳ ಕಡೆಯದು. ಗುಂಪು ಗುಂಪಾಗಿ ಆಲ ಅರಳಿಗಳ ಹಣ್ಣಿಗೆ ಮುತ್ತುವ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಬಂದದ್ದು.

ಇವುಗಳನ್ನು ಊರು ಬಿಡಿಸುವುದು ಚಳಿಯೊಂದೇ ಎಂದು ತಿಳಿಯಬಾರದು. ಗರಿಗಳ ಹೊದಿಕೆಯಿರುವ ಹಕ್ಕಿ ಬಹುಮಟ್ಟಿನ ಚಳಿಯನ್ನು ತಡೆಯಬಲ್ಲದು, ಹಸಿವನ್ನು ತಡೆಯಲಾರದು. ನೆಲ ಹಿಮದಿಂದ ಮುಚ್ಚಿದಾಗ ಹುಳುಹುಪ್ಪಟೆಗಳು ಮಾಯವಾಗುತ್ತವೆ, ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಹಾರ ಅರಸುವ ಹಗಲೂ ಕುಗ್ಗುತ್ತದೆ. ಆದುದರಿಂದಲೇ ಈ ಮಹಾಪ್ರಯಾಣ.

ಪಶ್ಚಿಮ ಬೆಂಗಳೂರಿನವರಿಗೆ ಈ ಅತಿಥಿಗಳ ದರ್ಶನ ಈಗ ಬಹಳ ಸುಲಭ. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. 2023ರಲ್ಲಿ ಚಲ್ಲಘಟ್ಟದವರೆಗೂ ಸಾಗಿತು. ವಿಜಯನಗರದಲ್ಲಿ ಹತ್ತಿದವರು ದಾರಿಯಲ್ಲಿ ಜ್ಞಾನಭಾರತಿಯ ನಿಲ್ದಾಣದಲ್ಲಿ ಇಳಿಯಬಹುದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ ಇಲ್ಲಿದೆ. ತರಗೆಲೆ ಹಾಸಿದ ಅಲ್ಲಿನ ತೋಪುಗಳಲ್ಲಿ ಚಳಿಗಾಲದಲ್ಲಿ ನವರಂಗ ಎಂಬ ಬಣ್ಣಬಣ್ಣದ ಹಕ್ಕಿ ಎಲೆಗಳನ್ನು ಕೊಕ್ಕಿನಿಂದ ತಿರುವುತ್ತ ಕುಪ್ಪಳಿಸುತ್ತದೆ. ಸಮೀಪದ ಮಲ್ಲತ್ತಹಳ್ಳಿಯ ಕೆರೆ, ಮುಂದೆ ಕೆಂಗೇರಿಯ ಕೆರೆ, ಇವುಗಳ ಅಂಚಿನಲ್ಲಿ ಅಂಬರಗುಬ್ಬಿ, ಗೊರವ, ಸಿಪಿಲೆಗಳನ್ನು ಹುಡುಕಬಹುದು. ಧನುರ್ಮಾಸದ ಪೂಜೆಗೆಂದು ನಸುಕಿನಲ್ಲೇ ಏಳುವ ಮನೆಗಳಿಗೆ ಇದು ಕಷ್ಟವೇನಲ್ಲ. ಬಿಸಿಲೇರುವ ಮುನ್ನ ಸೇರಬೇಕು. ಮಾಸಲು ಬಣ್ಣದ ಉಡುಪು, ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ಸ್ವಲ್ಪ ಮೌನ, ಇಷ್ಟಿದ್ದರೆ ಸಾಕು. ಹಕ್ಕಿಗಳಿಗೆ ರೊಟ್ಟಿಯ ಚೂರು ಎಸೆಯುವುದು ಬೇಡ. ಹಾರಿಸಿ ನೋಡುವ ಚೇಷ್ಟೆಯಂತೂ ಬೇಡವೇ ಬೇಡ. ದೂರದಿಂದ ದಣಿದು ಬಂದ ಹಕ್ಕಿಗೆ ಪ್ರತಿಯೊಂದು ಹಾರಾಟವೂ ಶಕ್ತಿಯ ವ್ಯಯ.

ನಿಜವಾದ ಹಿಮವಾಸಿಯನ್ನೇ ಕಾಣಬೇಕೆಂಬ ಹಂಬಲವಿದ್ದವರು ಇನ್ನೂ ದೂರ ಹೋಗಬೇಕು. ಅವರ ಗುರಿ ಮಾಗಡಿ. ಬಸವೇಶ್ವರನಗರದವರು ದಿನವೂ ದಾಟುವ ಮಾಗಡಿ ರಸ್ತೆಯ ಕೊನೆಯ ಮಾಗಡಿಯಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಅಲ್ಲಿನ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿ ಸಾವಿರಗಟ್ಟಲೆ ಬಂದಿಳಿಯುತ್ತವೆ. 2024ರಲ್ಲಿ ಅದು ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಟಿಬೆಟ್, ಮಂಗೋಲಿಯ ಮತ್ತು ಲಡಾಖಿನ ಎತ್ತರದ ಸರೋವರಗಳು ಈ ಹೆಬ್ಬಾತುಗಳ ತವರು. ಲಡಾಖಿನ ತ್ಸೋ ಮೊರಿರಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದ್ದು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹಿಮಾಲಯವನ್ನು ದಾಟುವಾಗ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಹೀರಿಕೊಳ್ಳುವ ವಿಶೇಷ ಗುಣ ಅದರ ರಕ್ತಕ್ಕಿದೆ. ‘ಮೇಘದೂತ’ದಲ್ಲಿ ಕಾಳಿದಾಸ ಕ್ರೌಂಚಪರ್ವತದ ಕಂಡಿಯನ್ನು ಹಂಸದ್ವಾರವೆಂದು ಕರೆದಿದ್ದಾನೆ. ಹಕ್ಕಿಗಳು ಪರ್ವತವನ್ನು ದಾಟುವ ಸಂಗತಿ ನಮ್ಮ ಪೂರ್ವಿಕರ ಕಣ್ಣಿಗೆ ಬಿದ್ದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟು ಎತ್ತರವನ್ನು, ಇಷ್ಟು ದೂರವನ್ನು ಗೆದ್ದು ಬರುವ ಹಕ್ಕಿಗಳು ಕೊನೆಯಲ್ಲಿ ಬೇಡುವುದು ಬಹು ಅಲ್ಪ. ಗೊರವಕ್ಕೆ ಬೇಕಾದದ್ದು ತನ್ನ ಪುಟ್ಟ ಕಾಲು ಮುಳುಗುವಷ್ಟು ನೀರು, ಅದರ ಕೆಳಗೆ ಮೆತ್ತನೆಯ ಕೆಸರು. ನಮ್ಮ ಹಳೆಯ ಕೆರೆಗಳ ರಚನೆಯಲ್ಲಿ ಇದು ತಾನಾಗಿಯೇ ಒದಗಿತ್ತು. ಏರಿಯ ಕಡೆ, ತೂಬಿನ ಬಳಿ, ನೀರು ಆಳ. ಎದುರಿನ ಕೆರೆಯಂಗಳದಲ್ಲಿ ನೀರು ಮೆಲ್ಲಮೆಲ್ಲನೆ ತೆಳುವಾಗುತ್ತ ಹುಲ್ಲಿನಲ್ಲಿ ಕರಗುತ್ತಿತ್ತು. ಬೇಸಾಯಕ್ಕೆಂದು ಕಟ್ಟಿದ ಕೆರೆ ಹಕ್ಕಿಗಳಿಗೂ ಛತ್ರವಾಯಿತು. ಈಗ ಕೆರೆಗಳ ಜೀರ್ಣೋದ್ಧಾರ ನಡೆದಾಗ ಎಷ್ಟೋ ಕಡೆ ಹೂಳನ್ನು ಸಮನಾಗಿ ತೆಗೆದು, ಸುತ್ತಲೂ ಕಡಿದಾದ ಕಲ್ಲಿನ ದಡ ಕಟ್ಟುತ್ತಾರೆ. ಕೆರೆ ಬೋಗುಣಿಯಂತಾಗುತ್ತದೆ. ನೋಟಕ್ಕೆ ಅಂದ, ನಡಿಗೆಗೆ ಅನುಕೂಲ, ನೀರುಕಾಗೆಗೆ ತೊಂದರೆಯಿಲ್ಲ. ಆದರೆ ಗೊರವ ಬಂದರೆ ನಿಲ್ಲಲು ನೆಲೆಯಿಲ್ಲ.

ನಡಿಗೆಯ ದಾರಿಯೇ ಬೇಡವೆಂದಲ್ಲ. ಜನ ಬಂದು ನೋಡುವ ಕೆರೆಯನ್ನು ಸುಲಭವಾಗಿ ನುಂಗಲಾಗದು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವೆಡೆ ಹಿಂದೆ ಧರ್ಮಾಂಬುಧಿ ಕೆರೆಯಿತ್ತೆಂಬುದನ್ನು ಮರೆಯುವಂತಿಲ್ಲ. ಬೇಕಾದುದು ಇಷ್ಟೇ: ಕೆರೆಯ ಒಂದು ಮಗ್ಗುಲನ್ನಾದರೂ ಕಲ್ಲು ಕಟ್ಟದೆ, ದೀಪ ಹಾಕದೆ, ಕೆಸರಾಗಿಯೇ ಬಿಡಬೇಕು. ಬಡಾವಣೆಯ ನಿವಾಸಿಗಳು ಕೂಡಿ ಕೇಳಿದರೆ ಇದು ಆಗದ ಕೆಲಸವಲ್ಲ. ಕೇಳುವುದಕ್ಕೆ ಲೆಕ್ಕವೂ ಬೇಕು. ಯಾವ ಕೆರೆಗೆ ಯಾವ ಹಕ್ಕಿ, ಎಷ್ಟು ಬಂದವು ಎಂಬ ಲೆಕ್ಕ. 1987ರಲ್ಲಿ ಆರಂಭವಾದ ಏಷ್ಯದ ಜಲಪಕ್ಷಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಅದರ ಬಲವೆಲ್ಲ ಸಾಮಾನ್ಯ ಜನರ ದುರ್ಬೀನು ಮತ್ತು ಟಿಪ್ಪಣಿ ಪುಸ್ತಕಗಳೇ. ಶಾಲೆಯ ಮಗುವೊಂದು ಭಾನುವಾರ ಬರೆದಿಟ್ಟ ಒಂದು ಪುಟವೂ ಮುಂದೊಂದು ದಿನ ಕೆರೆಯ ಪರವಾಗಿ ಸಾಕ್ಷಿ ನುಡಿಯಬಹುದು.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಡುತ್ತದೆ ಎಂಬುದು ವಾಡಿಕೆಯ ಮಾತು. ಅದರ ಹಿಂದೆಯೇ ಹಕ್ಕಿಗಳೂ ಹೊರಡುತ್ತವೆ. ಯುಗಾದಿ ಕಳೆಯುವ ವೇಳೆಗೆ ಬಹುಪಾಲು ಸಿಪಿಲೆಗಳು ಹಿಮ ಕರಗುತ್ತಿರುವ ತೊರೆಗಳತ್ತ ಪಯಣ ಬೆಳೆಸಿರುತ್ತವೆ. ಅಷ್ಟರೊಳಗೆ ಒಂದು ಭಾನುವಾರವನ್ನು ಅವುಗಳಿಗಾಗಿ ಮೀಸಲಿಟ್ಟವರು, ಮುಂದಿನ ಗಣೇಶನ ಹಬ್ಬದ ಹೊತ್ತಿಗೆ ಕೆರೆಯ ಕಡೆ ಮತ್ತೊಮ್ಮೆ ಕಣ್ಣು ಹಾಯಿಸದೆ ಇರಲಾರರು.