ಹೆಜ್ಜೆ ಮತ್ತು ಮಾತು

ಪರಂಪರೆಯ ಕಲೆಗೆ ಹೊಸತನ್ನು ತರುವವನು ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಪಂಡಿತರಿಗೆ ಮಾತ್ರ ಸೇರಿದುದಲ್ಲ. ಠಾಣೆಯ ಕೋಪರಿಯಲ್ಲಿ ವಾಸಿಸಿ ಕನ್ನಡದಲ್ಲಿ ಓದುವ ನಮಗೂ ಅದು ಮನೆಯ ಪ್ರಶ್ನೆಯೇ ಆಗಿದೆ.

ಈ ವರ್ಷ ನಾವು ಸ್ಪೇನ್ ದೇಶದ ಕಾರ್ಲೋಸ್ ಸೌರಾ 1981ರಲ್ಲಿ ನಿರ್ದೇಶಿಸಿದ 'ರಕ್ತ ವಿವಾಹ' ಎಂಬ ಚಿತ್ರವನ್ನು ನೋಡಿದೆವು. ಲೋರ್ಕಾ ಕವಿಯ ನಾಟಕವನ್ನು ಆಂಟೋನಿಯೊ ಗಾದೆಸ್ ಎಂಬ ನರ್ತಕನು ಫ್ಲಮೆಂಕೊ ನೃತ್ಯವಾಗಿ ಅಳವಡಿಸಿದ್ದನು. ಆ ನೃತ್ಯವೇ ಚಿತ್ರದ ವಸ್ತು. ಫ್ಲಮೆಂಕೊ ದಕ್ಷಿಣ ಸ್ಪೇನಿನ ಆಂದಲೂಸಿಯ ಪ್ರಾಂತದ ಕಲೆ. ಹಾಡು, ಗಿಟಾರು, ಕುಣಿತ ಇವು ಅದರ ಮೂರು ಅಂಗಗಳು. ಅದನ್ನು ಬೆಳೆಸಿದವರಲ್ಲಿ ಪ್ರಮುಖರಾದ ಹಿತಾನೊ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭರತಖಂಡದಿಂದ ಪಶ್ಚಿಮಕ್ಕೆ ಹೊರಟವರು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರವು ಬಣ್ಣದ ಕೋಣೆಯಿಂದ ಆರಂಭವಾಗುತ್ತದೆ. ನರ್ತಕರು ಕನ್ನಡಿಯ ಮುಂದೆ ಕುಳಿತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಕಂಡು ನಮಗೆ ಯಕ್ಷಗಾನದ ಚೌಕಿಯೇ ನೆನಪಾಯಿತು. ಫ್ಲಮೆಂಕೊದ ಜೀವವಿರುವುದು ನೆಲವನ್ನು ಮೆಟ್ಟುವ ಪಾದದ ಸದ್ದಿನಲ್ಲಿ, ಅಂಗೈಗಳ ತಟ್ಟಿನಲ್ಲಿ. ಆದರೆ ಕೊನೆಗೆ ಇಬ್ಬರು ಚೂರಿ ಹಿಡಿದು ಹೋರಾಡುವಾಗ ಗಾದೆಸನು ಆ ಸದ್ದನ್ನೇ ತೆಗೆದುಬಿಟ್ಟಿದ್ದಾನೆ. ಹಾಡಿಲ್ಲ, ತಾಳವಿಲ್ಲ, ನಿಶ್ಶಬ್ದದಲ್ಲಿ ಇಬ್ಬರೂ ಅತಿ ನಿಧಾನವಾಗಿ ಚಲಿಸುತ್ತಾರೆ. ಅದುವರೆಗೆ ತಾಳವನ್ನು ಕೇಳುತ್ತ ಬಂದ ನಮಗೆ ಆ ಮೌನವು ಭಯವನ್ನೇ ಹುಟ್ಟಿಸಿತು. ತಾಳದ ಪರಿಚಯವಿದ್ದುದರಿಂದಲೇ ಅದರ ಅಭಾವಕ್ಕೆ ಅರ್ಥ ಬಂದಿತು.

ನಮ್ಮ ನಾಡಿನಲ್ಲಿ ಇಂತಹುದೇ ಸಾಹಸ ಮಾಡಿದವರು ಡಾ. ಶಿವರಾಮ ಕಾರಂತರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು, ತಮ್ಮ ಪ್ರಯೋಗಗಳಲ್ಲಿ ಮಾತನ್ನು ಬಿಟ್ಟು ಕುಣಿತಕ್ಕೆ ಪ್ರಾಧಾನ್ಯವಿತ್ತರು. ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿಕೊಂಡರು. ಭಾಷೆಯನ್ನರಿಯದ ಪರದೇಶದ ಪ್ರೇಕ್ಷಕರಿಗೂ ಆ ನೃತ್ಯ ತಲುಪಿತು. ಅವರ ಪ್ರಯೋಗ ದೊಡ್ಡದೆಂಬುದನ್ನು ನಾವು ಗೌರವದಿಂದ ಒಪ್ಪುತ್ತೇವೆ.

ಆದರೆ ಕೋಪರಿಯವರಾದ ನಮ್ಮ ಸ್ಥಿತಿ ಬೇರೆ. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿಯ ಕಡೆಗೆ ಬರುತ್ತಾರೆ. ಇರುಳಿಡೀ ನಡೆಯಬೇಕಾದ ಪ್ರಸಂಗವನ್ನು ಸಭಾಗೃಹದ ಮೂರು ಗಂಟೆಗಳಿಗೆ ಇಳಿಸಬೇಕಾಗುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಅರ್ಥಗಾರಿಕೆಗೆ. ನಮಗಾದರೋ ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಮನೆಯ ಕನ್ನಡ ಊಟ ತಿಂಡಿಯ ಮಾತಿಗೆ ಮುಗಿಯುತ್ತದೆ. ಇಂಗ್ಲಿಷಿನ ಸೋಂಕಿಲ್ಲದೆ ಕೃಷ್ಣನೂ ಕೌರವನೂ ವಾದಿಸುವ ತುಂಬು ಕನ್ನಡ, ಪುಸ್ತಕದ ಹೊರಗೆ ನಮ್ಮ ಕಿವಿಗೆ ಬೀಳುವುದು ಅಲ್ಲಿ ಮಾತ್ರ. ಪರದೇಶಕ್ಕೆ ಹೊರೆಯಾದ ಮಾತೇ ನಮಗೆ ಬುತ್ತಿಯಾಗಿದೆ.

ಆದುದರಿಂದ ಈ ಸಲದ ಶಾಲಾ ವಾರ್ಷಿಕೋತ್ಸವಕ್ಕೆ ನಮಗೆ ದೊರೆತಿರುವ 20 ನಿಮಿಷಗಳಲ್ಲಿ 'ಕೃಷ್ಣ ಸಂಧಾನ'ದ ಒಡ್ಡೋಲಗವನ್ನು ಮೊಟಕುಗೊಳಿಸಿ, ಸಂವಾದವನ್ನು ಪೂರ್ಣವಾಗಿ ಇರಿಸಿಕೊಂಡಿದ್ದೇವೆ. ಅಭ್ಯಾಸ ನಡೆದಿದೆ. ಕೆಳಗಿನ ತರಗತಿಯ ಮಕ್ಕಳು ಕಿಟಕಿಯ ಬಳಿ ನಿಂತು ಕೇಳುತ್ತಾರೆ. ತಿಳಿಯದ ಶಬ್ದಗಳ ಅರ್ಥವನ್ನು ಆಮೇಲೆ ಬಂದು ವಿಚಾರಿಸುತ್ತಾರೆ.