ತಿಮಿಂಗಿಲವು ಮೀನೋ ಅಲ್ಲವೋ

1818ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದ ನ್ಯಾಯಾಲಯದ ಮುಂದೆ ವಿಚಿತ್ರ ವ್ಯಾಜ್ಯವೊಂದು ಬಂದಿತು. ಮೀನೆಣ್ಣೆಯನ್ನು ಸರಕಾರಿ ಪರೀಕ್ಷಕನಿಂದ ಪರೀಕ್ಷಿಸಿಯೇ ಮಾರಬೇಕೆಂಬ ಕಾನೂನು ಆ ರಾಜ್ಯದಲ್ಲಿ ಆಗಷ್ಟೇ ಜಾರಿಯಾಗಿತ್ತು. ಸ್ಯಾಮುಯೆಲ್ ಜಡ್ ಎಂಬ ವರ್ತಕನಲ್ಲಿ ಪರೀಕ್ಷೆಯಾಗದ ಮೂರು ಪೀಪಾಯಿ ತಿಮಿಂಗಿಲದೆಣ್ಣೆ ಇತ್ತು. ಪರೀಕ್ಷಕ ಜೇಮ್ಸ್ ಮಾರಿಸ್ ದಂಡ ಕೇಳಿದಾಗ, ತಿಮಿಂಗಿಲವು ಮೀನೇ ಅಲ್ಲವೆಂದು ಜಡ್ ವಾದ ಹೂಡಿದನು. ವಿದ್ವಾಂಸನಾದ ಸ್ಯಾಮುಯೆಲ್ ಮಿಚಿಲ್ ಅವನ ಪರವಾಗಿ ಸಾಕ್ಷಿ ನುಡಿದನು. ಲಿನೇಯಸನು ತನ್ನ ಗ್ರಂಥದ ಮೊದಲ ಆವೃತ್ತಿಯಲ್ಲಿ (1735) ಮೀನುಗಳೊಡನೆ ಇರಿಸಿದ್ದ ತಿಮಿಂಗಿಲವನ್ನು ಹತ್ತನೆಯ ಆವೃತ್ತಿಯಲ್ಲಿ (1758) ಸ್ತನಿಗಳ ವರ್ಗಕ್ಕೆ ಸೇರಿಸಿ ಅದಾಗಲೇ 60 ವರ್ಷಗಳಾಗಿದ್ದವು. ಆದರೂ ಜ್ಯೂರಿಯವರು ತಿಮಿಂಗಿಲವು ಮೀನೆಂದೇ ತೀರ್ಮಾನಿಸಿದರು. ಮರುವರ್ಷ ಶಾಸನಸಭೆಯೇ ಕಾನೂನನ್ನು ತಿದ್ದಬೇಕಾಯಿತು.

ಜ್ಯೂರಿಯವರನ್ನು ಅಜ್ಞರೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಅವರು ನೋಡಿದ್ದು ಪ್ರಾಣಿ ಎಲ್ಲಿ ಬಾಳುತ್ತದೆ ಎಂಬುದನ್ನು. ಮಿಚಿಲ್ ನೋಡಿದ್ದು ಅದು ಹೇಗೆ ಉಸಿರಾಡುತ್ತದೆ, ಮರಿಗೆ ಹೇಗೆ ಹಾಲೂಡುತ್ತದೆ ಎಂಬುದನ್ನು. ಈ ಎರಡು ದೃಷ್ಟಿಗಳೂ ಬಹು ಹಳೆಯವು. ಜೈನ ಶಾಸ್ತ್ರಗಳಲ್ಲಿ ಇವು ಒಟ್ಟೊಟ್ಟಿಗೇ ಕಾಣಸಿಗುತ್ತವೆ. ಪಂಚೇಂದ್ರಿಯ ತಿರ್ಯಂಚರನ್ನು ಜಲಚರ, ಸ್ಥಲಚರ, ಖೇಚರ ಎಂದು ವಿಂಗಡಿಸುವುದು ನೆಲೆಯನ್ನು ನೋಡಿ; ತತ್ತ್ವಾರ್ಥಸೂತ್ರವು ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ವಿಭಾಗಿಸುವುದು ಹುಟ್ಟನ್ನು ನೋಡಿ. ಬಾವಲಿಯ ವಿಷಯದಲ್ಲಿ ಈ ಎರಡೂ ಮುಖಾಮುಖಿಯಾಗುತ್ತವೆ. ಹಾರುವುದರಿಂದ ಅದು ಖೇಚರ, 'ಚರ್ಮಪಕ್ಷಿ'. ಆದರೆ ಶ್ವೇತಾಂಬರ ಪರಂಪರೆಯ ಭಾಷ್ಯವು ಚರ್ಮಪಕ್ಷಿಗಳನ್ನು ಅಂಡಜಗಳಲ್ಲಿ ಸೇರಿಸದೆ, ಆನೆ ಮೊಲಗಳೊಡನೆ ಪೋತಜಗಳಲ್ಲಿ ಎಣಿಸುತ್ತದೆ. ಯಾರೋ ಬಾವಲಿಯನ್ನು ಹತ್ತಿರದಿಂದ ನೋಡಿದ್ದರು. ಹಾಗೆಂದು ಇದನ್ನು ಆಧುನಿಕ ವಿಜ್ಞಾನದ ಮುನ್ಸೂಚನೆಯೆಂದು ಹಿಗ್ಗಬೇಕಾಗಿಲ್ಲ. ಅದೇ ಸಾಲಿನಲ್ಲಿ ಕಥೆಗಳ ಭಾರಂಡಪಕ್ಷಿಯೂ ಕುಳಿತಿದೆ.

ಡಾರ್ವಿನ್ನನ ಅನಂತರ ಮೂರನೆಯ ದೃಷ್ಟಿಯೊಂದು ಬಲಗೊಂಡಿತು: ವಂಶ. ನೊಣಗಳನ್ನು ಅಧ್ಯಯನ ಮಾಡುತ್ತಿದ್ದ ಜರ್ಮನಿಯ ವಿಲ್ಲಿ ಹೆನಿಗ್ 1950ರಲ್ಲಿ ಇದನ್ನು ಕಟ್ಟುನಿಟ್ಟಾದ ನಿಯಮವಾಗಿಸಿದನು. ಒಬ್ಬ ಪೂರ್ವಜನ ಸಂತತಿಯೆಲ್ಲವೂ ಒಳಗೊಂಡರೆ ಮಾತ್ರ ಅದು ಸಹಜವಾದ ಗುಂಪು. ಕೆಲವರನ್ನು ಹೊರಗಿಟ್ಟರೆ ಅಲ್ಲ. ಈ ನಿಯಮದ ಮುಂದೆ ಬಾವಲಿ, ತಿಮಿಂಗಿಲಗಳು ಸುಖವಾಗಿ ಪಾರಾದವು. ತಿಮಿಂಗಿಲಕ್ಕೆ ಇಂದು ಬದುಕಿರುವವರಲ್ಲಿ ಅತಿ ಹತ್ತಿರದ ನಂಟ ನೀರುಕುದುರೆ ಎಂಬುದೂ ತಿಳಿದುಬಂದಿತು. ಸಂಕಟಕ್ಕೆ ಸಿಲುಕಿದ್ದು 'ಮೀನು' ಎಂಬ ಪದವೇ! ಶ್ವಾಸಕೋಶವುಳ್ಳ ಕೆಲವು ಮೀನುಗಳಿವೆ. ವಂಶದಲ್ಲಿ ಅವು ಸಾಲ್ಮನ್ ಮೀನಿಗಿಂತ ಹಸುವಿಗೇ ಹತ್ತಿರ. ಹಾಗಾದರೆ ಮೀನೆಂಬ ಗುಂಪಿನಲ್ಲಿ ಹಸುವೂ ಮನುಷ್ಯನೂ ತಿಮಿಂಗಿಲವೂ ಇರಬೇಕು, ಇಲ್ಲವೇ ಅಂಥ ಗುಂಪೇ ಇಲ್ಲವೆನ್ನಬೇಕು. ಜ್ಯೂರಿಯವರು ಈ ಅರ್ಥದಲ್ಲಿ ತೀರ್ಪಿತ್ತವರಲ್ಲ ಎಂಬುದು ಬೇರೆ ಮಾತು.

ಶಾಲೆಯ ಪಠ್ಯಗಳಲ್ಲಿ ಮಾತ್ರ ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸ್ತನಿ ಎಂಬ ಐದು ಮನೆಗಳು ಹಾಗೆಯೇ ಉಳಿದಿವೆ. ಕಲಿಸುವ ಅನುಕೂಲಕ್ಕೆ ಅದು ಸರಿಯೇ. ಬದುಕಿರುವವುಗಳಲ್ಲಿ ಮೊಸಳೆಗೆ ಅತಿ ಸಮೀಪದ ಬಂಧುಗಳು ಹಕ್ಕಿಗಳು. ಪಠ್ಯದಲ್ಲಿ ಅದು ಇನ್ನೂ ಹಲ್ಲಿಯ ಮನೆಯಲ್ಲೇ ವಾಸವಾಗಿದೆ.